ಮುಟ್ಟದಿದ್ದರೆ ಮಲಗುವ ಯಂತ್ರ

ನಿವೃತ್ತನಾದ ಮೇಲೂ ನನ್ನದೊಂದು ಚಟ ಬಿಟ್ಟಿಲ್ಲ. ಯಾರ ಮನೆಗೆ ಹೋದರೂ, ಯಾವ ಕಚೇರಿಗೆ ಕಾಲಿಟ್ಟರೂ, ಅಲ್ಲೊಂದು ಕಂಪ್ಯೂಟರಿನ ಪರದೆ ಕಪ್ಪಗಿದ್ದರೆ ನನ್ನ ಕಣ್ಣು ಮೊದಲು ಅದರ ಸಣ್ಣ ದೀಪವನ್ನು ಹುಡುಕುತ್ತದೆ. ದೀಪ ಆರಿದೆಯೇ, ಉರಿಯುತ್ತಿದೆಯೇ, ಇಲ್ಲಾ ಉಸಿರಾಡುವವರ ಹಾಗೆ ಮಿಣಮಿಣ ಎನ್ನುತ್ತಿದೆಯೇ ಎಂದು ನೋಡುತ್ತೇನೆ. ಮಿಣಮಿಣ ಎಂದರೆ ನನಗೆ ಅಲ್ಲಿ ಕೂಡಲಾಗುವುದಿಲ್ಲ. ಬೀಗರ ಮನೆಯಲ್ಲಿ ಒಮ್ಮೆ ಊಟದ ನಡುವೆ ಎದ್ದು ಹೋಗಿ ಅವರ ಯಂತ್ರವನ್ನು ಎಬ್ಬಿಸಿ ಬಂದಿದ್ದೇನೆ. ಅವರು ಏನು ತಿಳಿದುಕೊಂಡರೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ಶಾಂತಪ್ಪ. ಗುಲಬರ್ಗಾದ ಗಾಜಿಪುರದವನು. ಈಗ ಊರಿಗೆ ಕಲಬುರಗಿ ಎನ್ನುತ್ತೇವೆ, ಆದರೆ ನಾನು ಹೇಳುವ ಕಾಲಕ್ಕೆ ಅದು ಗುಲಬರ್ಗಾವೇ. ಐಟಿಐ ಓದಿ, ಕಂಪ್ಯೂಟರ್ ರಿಪೇರಿಯ ಒಂದು ಅಂಗಡಿ ಸೇರಿ, ಕೂದಲು ಬೆಳ್ಳಗಾಗುವ ತನಕ ಅಲ್ಲೇ ದುಡಿದೆ. ಹುಟ್ಟಿನಿಂದ ಅಂಜುಬುರುಕ. ಹೆಸರಿಗಷ್ಟೇ ಶಾಂತಪ್ಪ, ಒಳಗೆ ಸದಾ ಎದೆ ಡವಡವ. ಮೊನ್ನೆ ಅದೇ ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, "ಸರ್, ನಿಮ್ಮ ಕಾಲದ ಕೆಲಸ ಹ್ಯಾಂಗಿತ್ತು, ಸ್ವಲ್ಪ ಹೇಳ್ರಿ" ಎಂದರು. ಬಾಯಿಂದ ಹೇಳಲು ಹೋದರೆ ನನಗೆ ತೊದಲು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇದರಲ್ಲಿ ಇರುವುದಿಲ್ಲ. ನಾನು ಹೆದರಿದ್ದು ಮಾತ್ರ ಇರುತ್ತದೆ.

ಎಂಬತ್ತರ ದಶಕದ ಯಂತ್ರಗಳು ಒರಟಾಗಿದ್ದವು, ಆದರೆ ಪ್ರಾಮಾಣಿಕವಾಗಿದ್ದವು. ಪೆಟ್ಟಿಗೆಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕೆಂಪು ಸ್ವಿಚ್ಚು. ಮೇಲೆತ್ತಿದರೆ ಯಂತ್ರ ಬದುಕಿದೆ, ಕೆಳಗಿಳಿಸಿದರೆ ಸತ್ತಿದೆ. ನಡುವೆ ಮತ್ತೊಂದು ಸ್ಥಿತಿಯೇ ಇರಲಿಲ್ಲ. ಸ್ವಿಚ್ಚು ಒತ್ತಿದವನ ಮಾತನ್ನು ವಿದ್ಯುತ್ತು ನೇರವಾಗಿ ಕೇಳುತ್ತಿತ್ತು. ಒಳಗಿರುವ ಆಪರೇಟಿಂಗ್ ಸಿಸ್ಟಂ, ಎಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಅದಕ್ಕೆ ಕರೆಂಟಿನ ವಿಷಯದಲ್ಲಿ ಏನೂ ಅಧಿಕಾರ ಇರಲಿಲ್ಲ. ಆರಿಸುವ ಮೊದಲು ನಾವೇ ಒಂದು ಆಜ್ಞೆ ಟೈಪು ಮಾಡಿ, ತಿರುಗುವ ಡಿಸ್ಕಿನ ಮೇಲಿನ ಮುಳ್ಳನ್ನು ಪಕ್ಕಕ್ಕೆ ಸರಿಸಿ ಮಲಗಿಸಬೇಕಿತ್ತು. ಮರೆತು ಆರಿಸಿದರೆ ಆ ಮುಳ್ಳು ಡಿಸ್ಕಿನ ಮೇಲೆ ಬಿದ್ದು ಗೀರು ಹಾಕುವ ಸಂಭವ ಇತ್ತು. ನಮ್ಮೂರ ಕರೆಂಟೋ, ಹೇಳದೆ ಕೇಳದೆ ಹೋಗುವಂಥದ್ದು. ಫ್ಯಾನು ನಿಧಾನವಾದರೆ ಸಾಕು, ಆ ಆಜ್ಞೆ ಟೈಪು ಮಾಡಲು ಓಡುತ್ತಿದ್ದೆ.

ನನಗೆ ಕೆಲಸ ಕಲಿಸಿದವರು ರಶೀದ್ ಚಾಚಾ. ಕೋಟೆಯ ಹತ್ತಿರ ಮನೆ. ಮೊದಲು ಮೋಟಾರು ಸುತ್ತುತ್ತಿದ್ದವರು, ಆಮೇಲೆ ನಮ್ಮ ಅಂಗಡಿಯಲ್ಲಿ ವೈರಿಂಗು, ಅರ್ಥಿಂಗು, ಯುಪಿಎಸ್ಸು ನೋಡಿಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ಒಂದಕ್ಷರ ಟೈಪು ಮಾಡಲು ಬರುತ್ತಿರಲಿಲ್ಲ, ಆದರೆ ಕರೆಂಟು ಅವರಿಗೆ ನೆರೆಮನೆಯವರಷ್ಟು ಪರಿಚಯ. ಯಾವ ತಂತಿಯನ್ನಾದರೂ ಮುಟ್ಟುವ ಮೊದಲು ಬಿಸ್ಮಿಲ್ಲಾ ಎನ್ನುತ್ತಿದ್ದರು, ಟೆಸ್ಟರ್ ಇಟ್ಟು ನೋಡುತ್ತಿದ್ದರು, ಆಮೇಲೆ ಅಂಗೈ ಮೇಲೆ ಮಾಡಿ ಬೆರಳಿನ ಹಿಂಬದಿಯಿಂದ ತಾಗಿಸುತ್ತಿದ್ದರು. ಮೇನ್ ಆರಿಸಿದ್ದು ತಾವೇ ಆದರೂ ಹೀಗೆಯೇ. ಮೊದಲ ವಾರ ನಾನು ನಕ್ಕಿದ್ದೆ.

"ಯಾಕ ನಗ್ತಿ ಬೇಟಾ? ಮಾಲೂಮ್ ಇಲ್ಲದ ತಂತಿ ಜಿಂದಾ ಅದ ಅಂತೇ ತಿಳೀಬೇಕು. ಸತ್ತದ ಅಂತ ತಿಳದು ಮುಟ್ಟಿದ ಮೂರು ಮಂದಿಗಿ ನಾನೇ ಹೆಗಲು ಕೊಟ್ಟೀನಿ" ಎಂದರು. ಆಮೇಲೆ ನಾನು ನಗಲಿಲ್ಲ.

ತೊಂಬತ್ತರ ದಶಕದಲ್ಲಿ ಯಂತ್ರಗಳು ಮಲಗಲು ಕಲಿತವು. ಮೊದಲು ಪರದೆ ಮಲಗಿತು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಕರೆಂಟು ಉಳಿಸಲು ತಾನೇ ಕಪ್ಪಗಾಗುತ್ತಿತ್ತು. ಇದನ್ನು ಜನರಿಗೆ ಯಾರೂ ಹೇಳಿರಲಿಲ್ಲ. ಕುಸನೂರ ದಾರಿಯ ಒಂದು ಕಚೇರಿಯಿಂದ ಗುಮಾಸ್ತರು ಫೋನಿನಲ್ಲಿ ಅಳುವುದೊಂದು ಬಾಕಿ. "ಶಾಂತಪ್ಪನವರ, ನಮ್ ಕಂಪ್ಯೂಟರ್ ಹೋಗಿಬಿಡ್ತ್ರಿ. ಚಹಾ ಕುಡದು ಬರೂದ್ರಾಗ ಕಣ್ಣ ಮುಚ್ಚೇದ. ನಾ ಏನೂ ಮಾಡಿಲ್ರಿ, ದೇವರಾಣಿ!" ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಹೋದೆ. ಅಲ್ಲಿ ಯಂತ್ರಕ್ಕೆ ಬಟ್ಟೆ ಹೊದಿಸಿ ಸುತ್ತಲೂ ನಾಲ್ಕು ಜನ ಕೈ ಕಟ್ಟಿ ನಿಂತಿದ್ದರು. ಬಟ್ಟೆ ತೆಗೆದು ಮೌಸ್ ತುಸು ಅಲ್ಲಾಡಿಸಿದೆ. ಪರದೆ ಬೆಳಗಿತು. ಗುಮಾಸ್ತರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅವರ ಪಾಲಿಗೆ ಅವತ್ತು ನಾನೇ ವೈದ್ಯ, ನಾನೇ ಮಾಂತ್ರಿಕ.

ನಗು ಬಹಳ ದಿನ ಉಳಿಯಲಿಲ್ಲ. ಮುಂದೆ ಬಂದ ಪೆಟ್ಟಿಗೆಗಳಲ್ಲಿ ಕೆಂಪು ಸ್ವಿಚ್ಚೇ ಮಾಯವಾಗಿ, ಮುಂಭಾಗದಲ್ಲಿ ಒಂದು ಮೆತ್ತನೆಯ ಗುಂಡಿ ಬಂತು. ಅದು ವಿದ್ಯುತ್ತನ್ನು ಕತ್ತರಿಸುವ ಸ್ವಿಚ್ಚು ಅಲ್ಲ, ಒಳಗಿನವರಿಗೆ ಕೊಡುವ ಅರ್ಜಿ ಅಷ್ಟೇ. ಒತ್ತಿದರೆ ಆಪರೇಟಿಂಗ್ ಸಿಸ್ಟಂ ಅದನ್ನು ಓದಿ, ಆರಬೇಕೋ, ಮಲಗಬೇಕೋ ತಾನೇ ತೀರ್ಮಾನಿಸುತ್ತದೆ. ಪೂರ್ತಿ ಆರಿದ ಮೇಲೂ ಬೋರ್ಡಿನಲ್ಲಿ ಒಂದು ಎಳೆ ಕರೆಂಟು ಹರಿಯುತ್ತಲೇ ಇರುತ್ತದೆ, ಮತ್ತೆ ಯಾರಾದರೂ ಗುಂಡಿ ಒತ್ತಿದರೆ ಎದ್ದೇಳಲು. ಇದೆಲ್ಲ ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಗುಂಡಿ ಒತ್ತಿ, ಪರದೆ ಕಪ್ಪಾದದ್ದು ನೋಡಿ, ಪೆಟ್ಟಿಗೆ ಬಿಚ್ಚಿ ಹೊಸ ಮೆಮೊರಿ ಪಟ್ಟಿ ಸಿಕ್ಕಿಸಿದೆ. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಯಂತ್ರ ಆರಿರಲಿಲ್ಲ, ಮಲಗಿತ್ತು. ಬೋರ್ಡು ಹೋಯಿತು.

ನಮ್ಮ ಅಂಗಡಿಯ ಮಾಲಕರು ವೀರಭದ್ರಪ್ಪನವರು. ಕೆಟ್ಟವರಲ್ಲ, ಆದರೆ ಅವಸರದವರು. "ಶಾಂತಪ್ಪ, ಅಂಜೂದಾದ್ರ ಮೊದಲ ಅಂಜಬೇಕು, ಸುಟ್ಟ ಮ್ಯಾಲ ಅಂಜಿ ಏನ್ ಉಪಯೋಗ?" ಎಂದು ಬೈದರು. ರಶೀದ್ ಚಾಚಾ ಏನೂ ಬೈಯಲಿಲ್ಲ. ಗೋಡೆಯಿಂದ ಪ್ಲಗ್ ಕಿತ್ತು ನನ್ನ ಕೈಯಲ್ಲಿಟ್ಟು, "ಇದು ನಿನ್ನ ಕೈಯಾಗ ಇದ್ರ ಮಾತ್ರ ಅದು ಸತ್ತದ" ಎಂದರು. ಅಂದಿನಿಂದ ಪೆಟ್ಟಿಗೆ ಬಿಚ್ಚುವ ಮೊದಲು ನಾನು ಪ್ಲಗ್ ಕಿತ್ತು ಜೇಬಿನಲ್ಲಿ ತುರುಕಿಕೊಳ್ಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಗಲಿ.

ಇಷ್ಟು ಪೀಠಿಕೆ ಯಾಕೆಂದರೆ ಇನ್ನು ಹೇಳುವುದನ್ನು ನೇರವಾಗಿ ಹೇಳಲು ನನಗೆ ಈಗಲೂ ಅಂಜಿಕೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಿಗೆ. ಊರಲ್ಲಿ ಔಷಧಿ ಸಗಟು ಮಾರುವವರ ಒಂದು ಗೋದಾಮು ಇತ್ತು. ಅದರೊಳಗೆ ಲಸಿಕೆಗಳನ್ನಿಡಲು ಒಂದು ತಂಪು ಕೋಣೆ. ಲಸಿಕೆಗಳನ್ನು ಹದವಾದ ತಂಪಿನಲ್ಲೇ ಇಡಬೇಕು. ಬಿಸಿ ತಾಗಿದರೆ ನೋಡಲು ಹಾಗೆಯೇ ಇರುತ್ತವೆ, ಆದರೆ ಒಳಗಿನ ಸತ್ವ ಹೋಗಿರುತ್ತದೆ. ಆ ತಂಪನ್ನು ಕಾಯಲು ನಾವು ಒಂದು ಕಂಪ್ಯೂಟರ್ ಇಟ್ಟುಕೊಟ್ಟಿದ್ದೆವು. ಕೋಣೆಯೊಳಗಿನ ತಾಪಮಾಪಕದಿಂದ ಒಂದು ತಂತಿ ಯಂತ್ರಕ್ಕೆ ಬರುತ್ತಿತ್ತು. ಐದು ನಿಮಿಷಕ್ಕೊಮ್ಮೆ ಯಂತ್ರ ಅದನ್ನು ಓದಿ ಒಂದು ಕಡತದಲ್ಲಿ ಒಂದು ಸಾಲು ಬರೆಯುತ್ತಿತ್ತು. ತಂಪು ಕಡಿಮೆಯಾದರೆ ಗೋಡೆಯ ಮೇಲಿನ ಗಂಟೆ ಹೊಡೆಯುತ್ತಿತ್ತು. ಗಂಟೆ ಕೇಳಿ ವಾಚ್‌ಮನ್ ಓಡಿ ಬಂದು ಜನರೇಟರ್ ಹಚ್ಚಬೇಕು. ಅದು ಅಲ್ಲಿಯ ಪದ್ಧತಿ.

ಗೋದಾಮು ನೋಡಿಕೊಳ್ಳುವ ಗುರುನಾಥನದೊಂದು ತಕರಾರು ಇತ್ತು. "ಕರೆಂಟ್ ಹೋದ್ರ ನಿಮ್ ಯುಪಿಎಸ್ ಅರ್ಧ ತಾಸೂ ತಡಿಯಲ್ರಿ. ಕುಂಯ್ ಕುಂಯ್ ಅಂತದ, ಸಾಯ್ತದ. ಕಂಪ್ಯೂಟರ್ ಧಡ್ಡನ ಬಂದ್ ಆಗ್ತದ. ಬ್ಯಾಟರಿ ಉಳಿಯೂ ಹಂಗ ಏನರ ಮಾಡ್ರಿ" ಎಂದ. ಒಂದು ಗುರುವಾರ ನಾನು ಹೋದೆ. ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಅದಕ್ಕೊಂದು ಉಪಾಯ ಇತ್ತು. ಇಪ್ಪತ್ತು ನಿಮಿಷ ಕೆಲಸ ಇಲ್ಲದಿದ್ದರೆ ಯಂತ್ರ ತಾನೇ ಮಲಗುತ್ತದೆ, ಡಿಸ್ಕು ನಿಲ್ಲುತ್ತದೆ, ಫ್ಯಾನು ನಿಲ್ಲುತ್ತದೆ, ಬ್ಯಾಟರಿ ಬಾಳುತ್ತದೆ. ಅದನ್ನು ಹಚ್ಚಿದೆ. ಮುಕ್ಕಾಲು ತಾಸು ಅಲ್ಲೇ ಕುಳಿತು ಪರೀಕ್ಷೆ ಮಾಡಿದೆ. ಕಡತ ತೆರೆದೆ, ಮುಚ್ಚಿದೆ, ಸಾಲುಗಳು ಬರುತ್ತಿವೆಯೇ ಎಂದು ಮತ್ತೆ ಮತ್ತೆ ನೋಡಿದೆ. ಐದು ನಿಮಿಷಕ್ಕೊಂದು ಸಾಲು ಚೆಂದಾಗಿ ಬರುತ್ತಿತ್ತು. ಗುರುನಾಥ ಕೊಟ್ಟ ಚಹಾ ಕುಡಿದು, ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡು ಬಂದೆ.

ಈಗ ಈ ಸಾಲನ್ನು ಎರಡು ಸಲ ಓದಿ. ಆಪರೇಟಿಂಗ್ ಸಿಸ್ಟಂ ಕೆಲಸ ಎಂದು ಲೆಕ್ಕ ಹಿಡಿಯುತ್ತಿದ್ದುದು ಮನುಷ್ಯರ ಬೆರಳನ್ನು. ಕೀಲಿಮಣೆ, ಮೌಸ್ ಮುಟ್ಟಿದರೆ ಕೆಲಸ ನಡೆದಿದೆ, ಮುಟ್ಟದಿದ್ದರೆ ಬಿಡುವು. ಹಿಂದಿನ ತಂತಿಯಿಂದ ಐದು ನಿಮಿಷಕ್ಕೊಮ್ಮೆ ಸದ್ದಿಲ್ಲದೆ ಬರುತ್ತಿದ್ದ ಆ ಒಂದು ಅಂಕಿ ಅದಕ್ಕೆ ಕೆಲಸವೆಂದು ಕಾಣಿಸಲೇ ಇಲ್ಲ. ನಾನು ಪರೀಕ್ಷೆ ಮಾಡುತ್ತಾ ಮುಟ್ಟುತ್ತಲೇ ಇದ್ದೆ, ಅದಕ್ಕೇ ಅದು ಎಚ್ಚರ ಇತ್ತು. ನಾನು ಎದ್ದು ಬಂದ ಇಪ್ಪತ್ತು ನಿಮಿಷಕ್ಕೆ ಕಾವಲುಗಾರ ನಿದ್ದೆ ಹೋದ.

ಗೊತ್ತಾಗಿದ್ದು ಮುಂದಿನ ಬುಧವಾರ. ಯುಪಿಎಸ್ ಒಮ್ಮೆ ನೋಡಿ ಬರೋಣವೆಂದು ರಶೀದ್ ಚಾಚಾ ಮತ್ತು ನಾನು ಊಟದ ಮೇಲೆ ಗೋದಾಮಿಗೆ ಹೋದೆವು. ಸುಮ್ಮನೆ ಕಡತ ತೆರೆದು ಕೆಳಗಿನಿಂದ ಮೇಲಕ್ಕೆ ಓದಿದೆ. ಸೋಮವಾರ ಮುಂಜಾನೆ ಒಂಬತ್ತು ಹತ್ತರ ಸಾಲು ಇತ್ತು. ಅದರ ಮೇಲಿನದು ಶನಿವಾರ ಮಧ್ಯಾಹ್ನ ಎರಡೂ ಇಪ್ಪತ್ತರ ಸಾಲು. ನಡುವೆ ಏನೂ ಇರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಹಿಂದಿನ ರಾತ್ರಿಗಳೂ ಹಾಗೆಯೇ ಖಾಲಿ ಇದ್ದವು, ಆದರೆ ಆ ರಾತ್ರಿಗಳಲ್ಲಿ ಕರೆಂಟು ಹೋಗಿರಲಿಲ್ಲವೆಂದು ಗುರುನಾಥ ಹೇಳಿದ.

"ಐತವಾರ?" ಎಂದೆ.

"ಐತವಾರ ಹೋಗಿತ್ರಿ. ಬಿಸಿಲಾಗ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ವಾಚ್‌ಮನ್ ಜನರೇಟರ್ ಹಚ್ಚಿದ್ನಂತ."

"ಯಾವಾಗ ಹಚ್ಚಿದ್ನಂತ?"

"ಅದೇ ಸರಿಯಾಗಿ ಹೇಳವಲ್ಲ ನೋಡ್ರಿ. ಗಂಟಿ ಹೊಡೀಲಿಲ್ಲ, ಅದಕ್ಕ ತಂಪ ಅದ ಅಂತ ತಿಳಕೊಂಡು ಊಟಕ್ಕ ಹೋಗಿದ್ದೆ ಅಂತಾನ. ಬಂದ ಮ್ಯಾಲ ಹಚ್ಚಿದ್ನಂತ."

ಅವನ ತಪ್ಪೇನಿದೆ? ಗಂಟೆ ಹೊಡೆಯದಿದ್ದರೆ ಎಲ್ಲ ಸರಿ ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಸೋಮವಾರ ಗುರುನಾಥ ಬಂದು ಮೌಸ್ ಮುಟ್ಟಿದ ಕೂಡಲೇ ಯಂತ್ರ ಎದ್ದು, ಆ ಗಳಿಗೆಯ ತಂಪನ್ನು ತೋರಿಸಿದೆ. ಅಷ್ಟೊತ್ತಿಗೆ ಕೋಣೆ ಮತ್ತೆ ತಂಪಾಗಿತ್ತು. ಬ್ಯಾಟರಿ ಉಳಿಸಲು ಹೋಗಿದ್ದೆನಲ್ಲ, ಬ್ಯಾಟರಿ ಉಳಿದಿತ್ತು. ನಡುವಿನ ಹೊತ್ತಿನಲ್ಲಿ ಲಸಿಕೆಗಳಿಗೆ ಎಷ್ಟು ಬಿಸಿ ತಾಗಿತೋ, ತಾಗಲೇ ಇಲ್ಲವೋ, ಹೇಳುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ಏನೇನು ಹೊರಗೆ ಹೋಗಿದೆ ಎಂದು ಕೇಳಿದೆ. ಗುರುನಾಥ ಪುಸ್ತಕ ನೋಡಿದ. "ಬ್ಯಾಸಗಿ ಅಲ್ರಿ, ವ್ಯಾಪಾರ ಕಮ್ಮಿ, ಬ್ಯಾರೆ ಏನೂ ಹೋಗಿಲ್ಲ. ಸೋಮವಾರ ಮುಂಜಾನೆ ಒಂದೇ ಡಬ್ಬಿ ಹೋಗೇದ. ಕಮಲಾಪುರ ಡಾಕ್ಟರ್ ಅಮ್ಮಗ. ಹುಚ್ಚನಾಯಿ ಕಡದಿದ್ದಕ್ಕ ಮಾಡೂ ಸೂಜಿ."

ಬೇರೆ ಯಾವ ಔಷಧಿಯಾಗಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ನಾಯಿ ಹುಚ್ಚು ಒಮ್ಮೆ ಮೈಯಲ್ಲಿ ಕಾಣಿಸಿಕೊಂಡರೆ ಮುಗಿಯಿತು, ಅದಕ್ಕೆ ಮದ್ದಿಲ್ಲ. ಕಾಣಿಸಿಕೊಳ್ಳುವ ಮೊದಲು ಸೂಜಿ ಕೆಲಸ ಮಾಡಬೇಕು. ನಮ್ಮ ಓಣಿಯಲ್ಲಿ ನಾನು ಚಿಕ್ಕವನಿದ್ದಾಗ ಒಬ್ಬರು ಹಾಗೆ ಹೋದದ್ದನ್ನು ಕಂಡಿದ್ದೆ. ನೀರಿನ ಚೊಂಬು ಹತ್ತಿರ ತಂದರೆ ಗಂಟಲು ಬಿಗಿದು ಚೀರುತ್ತಿದ್ದರು. ಆ ಚೀರಾಟ ಗೋದಾಮಿನ ಆ ಸಣ್ಣ ಕೋಣೆಯಲ್ಲಿ ನನ್ನ ಕಿವಿಗೆ ಮತ್ತೆ ಕೇಳಿಸಿತು.

ಉಳಿದ ಡಬ್ಬಿಗಳನ್ನು ಬೇರೆ ಇಡಲು ಹೇಳಿ ಮಾಲಕರಿಗೆ ಫೋನು ಮಾಡಿದೆ. ವೀರಭದ್ರಪ್ಪನವರು ಸ್ಕೂಟರಿನಲ್ಲಿ ಬಂದರು. ಕಡತ ನೋಡಿದರು. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಇದು ಬರೇ ಅಕ್ಷರದ ಕಡತ ಅಲ್ಲೇನೋ? ಟೈಪ್ ಮಾಡಿದ್ರ ತುಂಬತದ ಅಲ್ಲ?"

"ತುಂಬತದ್ರಿ."

"ಮತ್ತ ತುಂಬು. ನಾಕು ಡಿಗ್ರಿ, ಐದು, ಮತ್ತ ನಾಕು. ಹಿಂದಿನ ವಾರದ್ದು ನೋಡಿಕೋತ ಹಾಕಿಬಿಡು. ಸೂಜಿ ಕೆಟ್ಟೇ ಅದ ಅಂತ ಯಾರ್ ಹೇಳ್ಯಾರ? ಸುಮ್ಮ ಸುಮ್ಮನ ಊರ ತುಂಬ ಗದ್ದಲಾ ಎಬ್ಬಸ್ತಿಯೇನು? ಅಂಗಡಿ ಹೆಸರು ಹೋಗ್ತದ, ನಿನ್ನ ಕೆಲಸಾನೂ ಹೋಗ್ತದ" ಎಂದು ಹೇಳಿ ಗೋದಾಮಿನವರ ಜೊತೆ ಮಾತಾಡಲು ಹೊರಗೆ ಹೋದರು.

ನಾನು ಟೈಪು ಮಾಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬರೆಯುತ್ತೇನೆ. ಶನಿವಾರ ಎರಡೂ ಇಪ್ಪತ್ತೈದು, ನಾಲ್ಕು ಡಿಗ್ರಿ. ಎರಡೂವರೆ, ನಾಲ್ಕು ಡಿಗ್ರಿ. ಕೆಲಸ ಹೋದರೆ ಹೆಂಡತಿ ಮಕ್ಕಳಿಗೆ ಏನು ಹೇಳಲಿ ಎಂಬ ಭಯ ಒಂದು ಕಡೆ, ಕಮಲಾಪುರದಲ್ಲಿ ಯಾರ ತೋಳಿಗೆ ಆ ಸೂಜಿ ಚುಚ್ಚಿದ್ದಾರೋ ಎಂಬ ಭಯ ಒಂದು ಕಡೆ. ಹತ್ತಿರದ ಭಯವೇ ಗೆದ್ದಿತು. ಹನ್ನೊಂದು ಸಾಲು ತುಂಬಿಸಿದೆ.

ನೆಲದ ಮೇಲೆ ಯುಪಿಎಸ್ ಬಿಚ್ಚಿಕೊಂಡು ಕುಳಿತಿದ್ದ ರಶೀದ್ ಚಾಚಾ ತಲೆ ಎತ್ತಲಿಲ್ಲ. "ಆ ಹೊತ್ತಿನ್ಯಾಗ ಕೋಣಿ ಎಷ್ಟು ತಂಪ ಇತ್ತು, ನಿನಗ ಮಾಲೂಮ್ ಅದ ಏನು ಬೇಟಾ?" ಎಂದು ಕೇಳಿದರು.

"ಇಲ್ಲ ಚಾಚಾ."

"ಮಾಲೂಮ್ ಇಲ್ಲದ ತಂತಿಗಿ ನಾ ಏನ್ ಹೇಳಿದ್ದೆ?"

ಅವರು ಸ್ಕ್ರೂ ಬಿಗಿಯುತ್ತಾ ಕುಳಿತರು. ಖಾಲಿ ಜಾಗವೂ ಗೊತ್ತಿಲ್ಲದ ತಂತಿಯೇ. ಅದನ್ನು ತಂಪು ಎಂದು ತಿಳಿದು ನಾನು ಇನ್ನೊಬ್ಬರ ಕೈಯಿಂದ ಮುಟ್ಟಿಸಲು ಹೊರಟಿದ್ದೆ. ಹನ್ನೊಂದು ಸಾಲನ್ನೂ ಅಳಿಸಿದೆ. ನಡುವೆ ಖಾಲಿ ಇದ್ದ ಕಡತವನ್ನು ಹಾಗೆಯೇ ಕಾಗದದ ಮೇಲೆ ಮುದ್ರಿಸಿಕೊಂಡೆ. ಕಮಲಾಪುರದ ದವಾಖಾನೆಗೆ ಫೋನು ಹಚ್ಚಿದರೆ ತಾಗಲಿಲ್ಲ. ಬೇಸಿಗೆಯಲ್ಲಿ ಆ ಲೈನು ಸತ್ತೇ ಇರುತ್ತಿತ್ತು.

ಗುರುವಾರ ಮುಂಜಾನೆ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಬಸ್ ಕೆಟ್ಟು ನಿಲ್ಲಲಿ ಎಂದು ಒಂದು ಮನಸ್ಸು, ಬೇಗ ಮುಟ್ಟಲಿ ಎಂದು ಇನ್ನೊಂದು ಮನಸ್ಸು. ದವಾಖಾನೆಯ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಐವತ್ತರ ಆಚೆ ಈಚೆ ವಯಸ್ಸು, ಹಣೆಯ ಮೇಲೆ ವಿಭೂತಿ, ಬಲಗೈ ಮಣಿಕಟ್ಟಿಗೆ ಪಟ್ಟಿ. ಪಕ್ಕದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ. "ಡಾಕ್ಟರ್ ಅಮ್ಮ ಒಳಗ ಇದ್ದಾಳ, ಹೋಗ್ರಿ. ನಂದು ಸೂಜಿ ಅಷ್ಟೇ ಅದ, ಆಮ್ಯಾಲ ಹೋಗ್ತೇನಿ" ಎಂದು ನನಗೇ ದಾರಿ ಬಿಟ್ಟಳು. ಆಕೆ ರಾಚಮ್ಮ. ಆ ಡಬ್ಬಿಯ ಸೂಜಿ ಹೋಗಿದ್ದು ಆಕೆಯೊಬ್ಬಳಿಗೇ ಎಂದು ನನಗೆ ಆಮೇಲೆ ತಿಳಿಯಿತು.

ಒಳಗೆ ಹೋಗಿ ಡಾಕ್ಟರ್ ಶಿವಲೀಲಾ ಅವರಿಗೆ ಕಾಗದ ಕೊಟ್ಟು ಎಲ್ಲ ಹೇಳಿದೆ. ತೊದಲಿದೆ. ಅವರು ಅರ್ಧಕ್ಕೇ ಎದ್ದು ನಿಂತು, ಕೈಯಲ್ಲಿದ್ದ ಸಿರಿಂಜನ್ನು ತಟ್ಟೆಯಲ್ಲಿಟ್ಟರು.

"ಕಂಪ್ಯೂಟರ್ ಮಲಗಿತ್ತು ಅಂದ್ರ ಏನ್ರಿ ಅರ್ಥ? ಮಲಗೂದಾದ್ರ ಅದನ್ನ ಯಾಕ ಕಾವಲ ಇಟ್ರಿ?" ಎಂದು ಗದರಿದರು. ಕಾಗದದ ಮೇಲಿನ ದಿನ, ಹೊತ್ತು ಬೆರಳಿಟ್ಟು ಓದಿದರು. ಆಮೇಲೆ ದನಿ ಇಳಿಸಿ, "ಇದು ಪುಡಿ ರೂಪದ ಲಸಿಕಿ, ಒಂದಿಷ್ಟು ಬಿಸಿ ತಡಕೋತದ. ಕೆಟ್ಟಿರಲಿಕ್ಕಿಲ್ಲ. ಆದ್ರ ಕೆಟ್ಟಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ? ಸೋಮವಾರ ಕೊಟ್ಟಿದ್ದು ಲೆಕ್ಕಕ್ಕಿಲ್ಲ ಅಂತೇ ತಿಳೀಬೇಕು. ಬ್ಯಾರೆ ಕಡಿಂದ ತರಸಿ, ಮೊದಲಿಂದ ಸುರು ಮಾಡಬೇಕು. ಮೂರು ದಿನ ಹೋದವು" ಎಂದರು. ಚಾಚಾ ಹೇಳಿದ್ದನ್ನೇ ಅವರು ತಮ್ಮ ಮಾತಿನಲ್ಲಿ ಹೇಳಿದ್ದರು. ಆಮೇಲೆ ಬಾಗಿಲಿನತ್ತ ಕೈ ತೋರಿಸಿ, "ಆಕಿಗಿ ನೀವೇ ಹೇಳ್ರಿ" ಎಂದರು.

ಕಟ್ಟೆಯ ಮೇಲೆ ರಾಚಮ್ಮನ ಪಕ್ಕ ಕುಳಿತೆ. ಕಂಪ್ಯೂಟರು, ಬ್ಯಾಟರಿ, ತಂಪು ಕೋಣೆ ಎಂದು ಏನೇನೋ ಹೇಳಿದೆ. ಆಕೆ ಕೇಳುತ್ತಾ ಕೇಳುತ್ತಾ ಗಾಬರಿಯಾದಳು.

"ಮಷೀನಿಗೂ ನಿದ್ದಿ ಬರ್ತದೇನ್ರಿ?"

"ಬರ್ತದ್ರಿ, ಯಾರರ ಮಲಗಿಸಿದ್ರ."

"ಯಾರ್ ಮಲಗಿಸಿದ್ರು?"

"ನಾನೇ."

ರಾಚಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಮತ್ತ ಎಬ್ಬಸಲಿಲ್ಲೇನ್ರಿ ಯಪ್ಪಾ?" ಎಂದಳು. ಬೈಗುಳ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ, ನಿಜವಾಗಿ ಕೇಳುತ್ತಿದ್ದಳು.

ಅದೇ ಸಂಜೆಯೊಳಗೆ ಬೇರೆ ಕಡೆಯಿಂದ ಲಸಿಕೆ ಬಂತು. ಹೊಸದಾಗಿ ಸೂಜಿ ಶುರುವಾಯಿತು, ದಿನ ತಪ್ಪದೆ ಐದೂ ಆದವು. ಮಾಲಕರು ನನ್ನನ್ನು ಆರು ತಿಂಗಳು ಹೊರಗಿನ ಕೆಲಸಕ್ಕೆ ಕಳಿಸಲಿಲ್ಲ, ಅಂಗಡಿಯಲ್ಲೇ ಕೂಡಿಸಿದರು. ಗೋದಾಮಿನ ಕೆಲಸ ಬೇರೆಯವರ ಪಾಲಾಯಿತು. ಅದೆಲ್ಲ ನನಗೆ ನಾಟಲೇ ಇಲ್ಲ. ಡಾಕ್ಟರ್ ಹೇಳಿದ ಒಂದು ಮಾತು ಮಾತ್ರ ಒಳಗೆ ಕುಳಿತಿತ್ತು: ನಾಯಿ ಸಿಕ್ಕಿಲ್ಲ, ಅದಕ್ಕೆ ಹುಚ್ಚು ಇತ್ತೋ ಇಲ್ಲವೋ ತಿಳಿಯದು, ರೋಗ ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು, ಆ ಮೂರು ದಿನ ತಡವಾದದ್ದು ಏನು ಮಾಡುತ್ತದೋ ಕಾಯಬೇಕು.

ಕಾದೆ. ಹದಿನೈದು ದಿನಕ್ಕೊಮ್ಮೆ ಕಮಲಾಪುರದ ಬಸ್ ಹತ್ತುತ್ತಿದ್ದೆ. ಬಸ್ ನಿಲ್ದಾಣದಲ್ಲಿ ರಾಚಮ್ಮ ಹಣ್ಣು ಮಾರುತ್ತಾ ಕುಳಿತಿರುತ್ತಿದ್ದಳು. ಹಣ್ಣು ಕೊಳ್ಳುವುದು ನೆಪ. ಆಕೆ ನೀರು ಕುಡಿಯುವುದನ್ನು ನೋಡುವುದು ನನ್ನ ಕೆಲಸ. ಬಿಸಿಲು ಬಹಳ ಎಂದು ನಾನೇ ನೀರು ತಂದು ಕೊಡುತ್ತಿದ್ದೆ, ಒಂದು ಗುಟುಕು ಇಳಿಯುವ ತನಕ ಉಸಿರು ಹಿಡಿದು ನಿಲ್ಲುತ್ತಿದ್ದೆ. ಮನೆಯಲ್ಲಿ ಕೆಂಪು ಬಾಳೆಹಣ್ಣು ತಿಂದು ತಿಂದು ಎಲ್ಲರಿಗೂ ಸಾಕಾಗಿತ್ತು. "ಗಾಜಿಪುರದಾಗ ಬಾಳಿಹಣ್ಣೇ ಸಿಗಂಗಿಲ್ಲೇನು?" ಎಂದು ಹೆಂಡತಿ ರೇಗುತ್ತಿದ್ದಳು. ಅವಳಿಗೆ ಏನೂ ಹೇಳಿರಲಿಲ್ಲ.

ನಾಲ್ಕನೇ ತಿಂಗಳಿನ ಒಂದು ಮುಂಜಾನೆ ನಿಲ್ದಾಣದಲ್ಲಿ ರಾಚಮ್ಮ ಇರಲಿಲ್ಲ. ಪಕ್ಕದ ಹೂವಿನವಳು, "ಆಕಿಗಿ ಮೈಯಾಗ ಆರಾಮಿಲ್ರಿ, ನಿನ್ನಿಂದ ಬಂದಿಲ್ಲ" ಎಂದಳು. ದಾರಿ ಕೇಳಿಕೊಂಡು ತೋಟದ ಅಂಚಿನ ಮನೆಗೆ ಓಡಿದ ಹಾಗೆ ಹೋದೆ. ರಾಚಮ್ಮ ಕೌದಿ ಹೊದ್ದು ಮಲಗಿದ್ದಳು. ಮುಖ ಕೆಂಡದಂತಿತ್ತು. ಸೊಸೆ ಬಾಗಿಲಲ್ಲಿ ನಿಂತು, "ಜ್ವರ ಬಂದಾವ್ರಿ. ಮುಂಜಾನಿಂದ ಒಂದು ಗುಟುಕು ನೀರು ಕುಡೀವಲ್ಲಳು. ಬ್ಯಾಡ ಅಂತ ಮಾರಿ ತಿರುವತಾಳ" ಎಂದಳು.

ತಂಬಿಗೆ ತರಿಸಿ, "ಒಂದೀಟು ಕುಡೀರಿ ರಾಚಮ್ಮ" ಎಂದೆ. ಆಕೆ ತಂಬಿಗೆ ಕಂಡು ಮುಖ ಆಚೆ ತಿರುಗಿಸಿದಳು. ನನ್ನ ಓಣಿಯ ಆ ಹಳೆಯ ಚೀರಾಟಕ್ಕಾಗಿ ನನ್ನ ಕಿವಿಗಳು ಕಾದವು.

"ಯಾಕ ಕುಡೀವಲ್ರಿ? ಗಂಟಲ ಹಿಡದದೇನು?" ಎಂದೆ.

"ಪೂಜಿ ಆಗಿಲ್ರಿ ಯಪ್ಪಾ" ಎಂದಳು ಮೆಲ್ಲಗೆ. "ಲಿಂಗಪೂಜಿ ಮಾಡದ ನಾ ಎಂದೂ ನೀರು ಮುಟ್ಟಿಲ್ಲ. ಈಕಿ ನೋಡಿದ್ರ ಜಳಕ ಮಾಡಗೊಡವಲ್ಲಳು, ಜ್ವರ ಅಂತ."

ನಂಬಲೋ ಬಿಡಲೋ ತಿಳಿಯಲಿಲ್ಲ. ನೆಪವೂ ಇರಬಹುದು, ನಿಜವೂ ಇರಬಹುದು. ಸೊಸೆಗೆ ಹೇಳಿ ಬಿಸಿನೀರಿನಲ್ಲಿ ಮೈ ಒರೆಸಿಸಿದೆ. ನಾನು ಹೊರಗೆ ಕಟ್ಟೆಯ ಮೇಲೆ ಎರಡೂ ಕೈಯನ್ನು ಕಂಕುಳಲ್ಲಿಟ್ಟುಕೊಂಡು ಕುಳಿತೆ. ಒಳಗೆ ರಾಚಮ್ಮ ವಿಭೂತಿ ಹಚ್ಚಿಕೊಂಡಳು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಅದು ಅರ್ಧ ತಾಸು ಇರಬಹುದು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಉದ್ದನೆಯ ಹೊತ್ತನ್ನು ನಾನು ಕಾದಿಲ್ಲ.

ಹುಡುಗಿಯರೇ, ನೀವು ನನ್ನಿಂದ ಒಂದೇ ಒಂದು ಕಲಿಯುವುದಾದರೆ ಆ ಕಂಕುಳಲ್ಲಿಟ್ಟ ಕೈ ಕಲಿಯಿರಿ. ಯಂತ್ರಕ್ಕೆ ಏನು ಹೇಳಿಕೊಟ್ಟರೂ ಆಮೇಲೆ ಅದನ್ನು ಮುಟ್ಟದೆ, ಅದು ಮಲಗುವ ಅವಧಿಗಿಂತ ಹೆಚ್ಚು ಹೊತ್ತು ಸುಮ್ಮನೆ ಕುಳಿತು ನೋಡಿ. ನಿಮ್ಮ ಕೈ ಅದರ ಮೇಲಿರುವಾಗ ಅದು ಹೇಗಿರುತ್ತದೆ ಎನ್ನುವುದು ಪರೀಕ್ಷೆಯೇ ಅಲ್ಲ.

ಪೂಜೆ ಮುಗಿಯಿತು. ರಾಚಮ್ಮ ಗೋಡೆಗೆ ಒರಗಿ ಕುಳಿತು ನನ್ನನ್ನು ಒಳಗೆ ಕರೆದಳು. ಸೊಸೆ ತಂಬಿಗೆ ಕೊಟ್ಟಳು. ಆಕೆ ಅದನ್ನು ಹಿಡಿದು ನನ್ನ ಮುಖ ನೋಡಿದಳು.

"ನೀವು ಹಣ್ಣಿಗಿ ಬರೂದಲ್ಲ ಅಂತ ನನಗ ಗೊತ್ತದ್ರಿ. ಡಾಕ್ಟರ್ ಅಮ್ಮ ಎಲ್ಲ ಹೇಳ್ಯಾಳ. ನೋಡ್ರಿ ಮತ್ತ."

ತಲೆ ಹಿಂದೆ ಮಾಡಿ, ತಂಬಿಗೆ ಮೇಲೆತ್ತಿ, ನೀರನ್ನು ಎತ್ತರದಿಂದ ಬಾಯಿಗೆ ಸುರಿದುಕೊಂಡಳು. ಗಟಗಟ ಇಳಿಯುವ ಸದ್ದು ಆ ಮನೆಯಲ್ಲೆಲ್ಲ ಕೇಳಿಸಿತು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. ಅದು ಬರೀ ಮಳೆಗಾಲದ ಜ್ವರ, ನಾಲ್ಕು ದಿನಕ್ಕೆ ಬಿಟ್ಟಿತು. ಮುಂದೆ ಎಷ್ಟೋ ವರ್ಷ ಆಕೆ ಅದೇ ನಿಲ್ದಾಣದಲ್ಲಿ ಹಣ್ಣು ಮಾರಿದಳು.

"ನಾ ಎಚ್ಚರ ಇದ್ದೀನ್ರಿ" ಎಂದಳು ಅವತ್ತು. "ಇನ್ನ ನೀವು ಮನಿಗಿ ಹೋಗಿ ಮಲಗ್ರಿ. ಎಷ್ಟು ದಿನ ಆಗ್ಯಾದೋ ಏನೋ ನೀವು ಮಲಗಿ." ತಂಬಿಗೆಯಲ್ಲಿ ಉಳಿದ ನೀರನ್ನು ನನ್ನತ್ತ ಚಾಚಿದಳು.

ಇಸಿದುಕೊಂಡು ಬಾಯಿಗೆ ಸುರಿದುಕೊಂಡೆ. ಗಂಟಲು ಕಟ್ಟಿ ಒಂದು ಗುಟುಕೂ ಒಳಗಿಳಿಯಲಿಲ್ಲ.